ಬೋರ್ಡಿಂಗ್ ಊಟದಿಂದ ಬೋರ್ಡಿಂಗ್ ಪಾಸ್‌ವರೆಗೆ: ಒಂದು ಇಂಗ್ಲಿಷ್ ಪದದ ಬೇರು ಹಿಡಿಯುವ ಬಗೆ

ಮುಂಬೈಯ ಮಾಟುಂಗಾದಲ್ಲಿ ಬೋರ್ಡಿಂಗ್ ಅಂದರೆ ಊಟ. ಸಹಾರ್ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಅಂದರೆ ವಿಮಾನ ಹತ್ತುವುದು. ಊರಿಗೆ ಹೋಗುವ ಬಸ್ಸಿನ ಟಿಕೆಟ್ ಮೇಲೆ ‘ಬೋರ್ಡಿಂಗ್ ಪಾಯಿಂಟ್: ಸಯನ್’ ಎಂದಿದ್ದರೆ ಸಯನ್‌ನಲ್ಲಿ ಹತ್ತಬೇಕು ಎಂದು ಅರ್ಥ. ಮಗಳು ಹತ್ತನೇ ಕ್ಲಾಸಿಗೆ ಬಂದರೆ ಮನೆಯಲ್ಲಿ ಬೋರ್ಡ್ ಎಕ್ಸಾಮಿನ ಮಾತು. ಸಂಜೆ ಹುಡುಗರು ಗಲ್ಲಿಯಲ್ಲಿ ಕೇರಂ ಬೋರ್ಡ್ ಇಟ್ಟು ಆಡುತ್ತಾರೆ.

ಇಷ್ಟಕ್ಕೂ ಪದ ಒಂದೇ. ಡಿಕ್ಷನರಿ ತೆಗೆದರೆ ಬೋರ್ಡ್ ಪದದ ಕೆಳಗೆ ಅರ್ಥಗಳ ಉದ್ದನೆಯ ಪಟ್ಟಿ ಕಾಣುತ್ತದೆ. ನಾನು ಇಲ್ಲಿನ ಕನ್ನಡದ ಮಕ್ಕಳಿಗೆ, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರಿಗೂ, ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಆ ಪಟ್ಟಿಯನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಹಾಗೆ ಕಲಿತದ್ದು ಬಹಳ ದಿನ ನಿಲ್ಲುವುದಿಲ್ಲ. ಅದರ ಬದಲು ಪದ ಹುಟ್ಟಿದಾಗ ಅದು ಯಾವ ವಸ್ತುವಿನ ಹೆಸರಾಗಿತ್ತು ಎಂದು ಮೊದಲು ಹುಡುಕಿ. ಕೈಯಲ್ಲಿ ಮುಟ್ಟಬಹುದಾದ ಆ ವಸ್ತು ಸಿಕ್ಕಿತು ಅಂದರೆ ಉಳಿದ ಅರ್ಥಗಳು ಅದರ ಹಿಂದೆಯೇ ಬರುತ್ತವೆ. ಅದನ್ನು ಮಾಡುವ ಕ್ರಮವನ್ನು ಬೋರ್ಡ್ ಪದವನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ಮೊದಲ ಹೆಜ್ಜೆ: ಬೀದಿಯಿಂದ ಕೂಡಿಸಿ

ಡಿಕ್ಷನರಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಪದ ಎಲ್ಲೆಲ್ಲಿ ಕಿವಿಗೆ ಬೀಳುತ್ತದೋ, ಕಣ್ಣಿಗೆ ಬೀಳುತ್ತದೋ ಬರೆದುಕೊಳ್ಳುತ್ತಾ ಹೋಗಿ. ಪದ ಒಂದನ್ನೇ ಬರೆದರೆ ಪ್ರಯೋಜನವಿಲ್ಲ, ಅಕ್ಕಪಕ್ಕದ ಮಾತೂ ಬೇಕು.

ಈ ಕೆಲಸಕ್ಕೆ ಮುಂಬೈಯಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಲೋಕಲ್ ಟ್ರೇನಿನಲ್ಲಿ ‘ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ’. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಮದರ್‌ಬೋರ್ಡ್, ಕೀಬೋರ್ಡ್. ಟ್ಯಾಕ್ಸಿಯ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ. ಸೊಸೈಟಿಯ ಗೇಟಿನಲ್ಲಿ ನೋಟಿಸ್ ಬೋರ್ಡ್. ಕ್ರಿಕೆಟ್ ಬೋರ್ಡಿನ ಕಚೇರಿ ಇರುವುದು ಇದೇ ಊರಿನಲ್ಲಿ. ಅದು ಶುರುವಾದದ್ದು 1928ರಲ್ಲಿ. ಶೇರು ಮಾರುಕಟ್ಟೆಯನ್ನು ನೋಡಿಕೊಳ್ಳುವ ಸೆಬಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ಅದರ ಹೆಸರಿನ ‘ಬಿ’ ಅಂದರೆ ಬೋರ್ಡ್. ಸಿನಿಮಾದವರ ಬಾಯಲ್ಲಿ ಸೆನ್ಸಾರ್ ಬೋರ್ಡ್. ಹೊಸ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಆನ್‌ಬೋರ್ಡಿಂಗ್.

ಊಟದ ಬೋರ್ಡಿಂಗ್ ನೋಡಬೇಕಾದರೆ ಮಾಟುಂಗಾ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿಯಿರಿ. ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಅಲ್ಲಿ ಮಲಗಲು ಕೋಣೆ ಸಿಗುವುದಿಲ್ಲ, ಬಾಳೆಎಲೆಯಲ್ಲಿ ಊಟ ಸಿಗುತ್ತದೆ. ಕೋಣೆ ಇಲ್ಲದ ಜಾಗಕ್ಕೆ ಬೋರ್ಡಿಂಗ್ ಎಂದು ಯಾಕೆ ಕರೆದರು? ಈ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ. ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಎರಡನೇ ಹೆಜ್ಜೆ: ‘ಇಲ್ಲಿ ಹಲಗೆ ಎಲ್ಲಿದೆ?’ ಎಂದು ಕೇಳಿ

ಬೋರ್ಡ್ ಎಂದರೆ ಮೊದಲಿಗೆ ಮರದ ಹಲಗೆ. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸಾವಿರ ವರ್ಷಕ್ಕೂ ಹಿಂದೆ, ಅದನ್ನು ‘ಬೋರ್ಡ್’ ಎಂದೇ ಕರೆಯುತ್ತಿದ್ದರು. ಕೂಡಿಸಿದ ಒಂದೊಂದು ಬಳಕೆಯ ಮುಂದೆಯೂ ಈಗ ಒಂದೇ ಪ್ರಶ್ನೆ ಹಾಕಿ: ಇಲ್ಲಿ ಹಲಗೆ ಎಲ್ಲಿದೆ?

ಕೆಲವು ಕಡೆ ಹಲಗೆ ಕಣ್ಣ ಮುಂದೆಯೇ ಇದೆ. ನೋಟಿಸ್ ಬೋರ್ಡ್, ಕೇರಂ ಬೋರ್ಡ್, ಶಾಲೆಯ ಕರಿಹಲಗೆ. ಇವುಗಳ ಮೇಲೆ ಹೊತ್ತು ಕಳೆಯಬೇಕಿಲ್ಲ. ಮದರ್‌ಬೋರ್ಡ್ ಮರದ್ದಲ್ಲ, ಆದರೆ ಹಲಗೆಯ ಹಾಗೆ ಚಪ್ಪಟೆ, ಹೆಸರು ಉಳಿದುಕೊಂಡಿತು.

ಡ್ಯಾಶ್‌ಬೋರ್ಡ್ ಬಳಿ ಸ್ವಲ್ಪ ನಿಲ್ಲಬೇಕು. ಕಾರಿಗಿಂತ ಮೊದಲೇ ಈ ಪದ ಇತ್ತು. ಕುದುರೆ ಗಾಡಿ ಓಡುವಾಗ ಗೊರಸಿನಿಂದ ಕೆಸರು ಎಗರುತ್ತದೆ. ಅದು ಗಾಡಿ ಹೊಡೆಯುವವನಿಗೆ ಸಿಡಿಯದ ಹಾಗೆ ಮುಂದೆ ಅಡ್ಡ ಒಂದು ಹಲಗೆ ಹಾಕುತ್ತಿದ್ದರು. ಡ್ಯಾಶ್ ಎಂದರೆ ಇಲ್ಲಿ ಎರಚುವುದು. ಕುದುರೆ ಹೋಯಿತು, ಎಂಜಿನ್ ಬಂತು, ಕೆಸರು ತಡೆಯುವ ಹಲಗೆಯ ಜಾಗದಲ್ಲಿ ಮೀಟರುಗಳು ಬಂದವು. ಈಗ ಆಫೀಸಿನ ಕಂಪ್ಯೂಟರಿನಲ್ಲಿ ಲೆಕ್ಕ ತೋರಿಸುವ ಪರದೆಗೂ ಡ್ಯಾಶ್‌ಬೋರ್ಡ್ ಎನ್ನುತ್ತಾರೆ.

ಆಮೇಲೆ ಹಲಗೆ ಅಡಗಿ ಕೂತ ಬಳಕೆಗಳು. ಅವುಗಳನ್ನು ಹುಡುಕುವುದರಲ್ಲೇ ಸುಖ ಇರುವುದು.

ಹಿಂದೆ ಇಂಗ್ಲೆಂಡಿನ ಮನೆಗಳಲ್ಲಿ ಊಟದ ಮೇಜು ಅಂದರೆ ಕಾಲುಗಳ ಮೇಲೆ ಅಡ್ಡ ಇಟ್ಟ ಉದ್ದ ಹಲಗೆ. ಊಟದ ಹೊತ್ತಿಗೆ ಜೋಡಿಸುವುದು, ಮುಗಿದ ಮೇಲೆ ಎತ್ತಿಡುವುದು. ಹಾಗಾಗಿ ಬೋರ್ಡ್ ಎಂದರೆ ಮೇಜು ಎಂದೂ ಆಯಿತು. ಮೇಜಿನ ಮೇಲೆ ಬಡಿಸುವುದು ಏನು? ಊಟ. 14ನೇ ಶತಮಾನದ ಹೊತ್ತಿಗೆ ಬೋರ್ಡ್ ಎಂದರೆ ದಿನದ ಊಟ ಎಂಬ ಅರ್ಥ ಬಂದಿತ್ತು. ‘ಬೋರ್ಡ್ ಆಂಡ್ ಲಾಡ್ಜಿಂಗ್’ ಎಂದರೆ ಊಟ ಮತ್ತು ವಸತಿ. ಊಟ ಬೋರ್ಡಿನದು, ಮಲಗುವ ಕೋಣೆ ಲಾಡ್ಜಿಂಗಿನದು. ಮಾಟುಂಗಾದ ಬೋರ್ಡಿಂಗಿನಲ್ಲಿ ಕೋಣೆ ಯಾಕಿಲ್ಲ ಎಂದು ಈಗ ತಿಳಿಯಿತು ಅಲ್ವಾ? ಬೋರ್ಡಿಂಗ್ ಎಂದು ಹೆಸರಿಟ್ಟು ಊಟ ಮಾತ್ರ ಕೊಟ್ಟ ನಮ್ಮ ಉಡುಪಿಯ ಹೋಟೆಲಿನವರ ಬಳಕೆ ಪದದ ಹಳೆಯ ಅರ್ಥಕ್ಕೆ ಸರಿಯಾಗಿ ಕೂರುತ್ತದೆ. ಅದನ್ನು ತಪ್ಪು ಇಂಗ್ಲಿಷ್ ಎನ್ನುವವರ ಮಾತು ಕೇಳಬೇಡಿ.

ಬಟ್ಟೆ ಮಿಲ್ಲುಗಳ ಕಾಲದಲ್ಲಿ ಇಲ್ಲಿನ ಮಿಲ್ಲುಗಳ ಪ್ರದೇಶವಾದ ಗಿರಣಗಾಂವ್‌ನ ಕೆಲಸಗಾರರು ತಿಂಗಳಿಗಿಷ್ಟು ಎಂದು ಕೊಟ್ಟು ಖಾನಾವಳಿಯಲ್ಲಿ ಊಟ ಮಾಡುತ್ತಿದ್ದರಲ್ಲ, ಇಂಗ್ಲಿಷಿನಲ್ಲಿ ಅಂಥವರೇ ಬೋರ್ಡರ್. ಬೋರ್ಡಿಂಗ್ ಸ್ಕೂಲ್ ಎಂದರೂ ಮೊದಲಿಗೆ ಊಟ ಹಾಕುವ ಶಾಲೆ.

ಅದೇ ಮೇಜಿನ ಸುತ್ತ ಊಟ ಬಿಟ್ಟು ಬೇರೆ ಕೆಲಸಕ್ಕೂ ಜನ ಕೂರುತ್ತಾರೆ. ಲೆಕ್ಕ ನೋಡಲು, ತೀರ್ಮಾನ ಮಾಡಲು. 16ನೇ ಶತಮಾನದಲ್ಲಿ ಹಾಗೆ ಮೇಜಿನ ಸುತ್ತ ಕೂತವರ ಗುಂಪಿಗೇ ಬೋರ್ಡ್ ಎಂಬ ಹೆಸರು ಬಂತು. ನಮ್ಮ ಮಂಡಳಿ ಇದೇ. ಕ್ರಿಕೆಟ್ ಬೋರ್ಡ್, ಸೆಬಿ, ಕಂಪನಿಯ ಡೈರೆಕ್ಟರುಗಳ ಬೋರ್ಡ್ ಎಲ್ಲವೂ ಈ ಗುಂಪಿನವು. ಹತ್ತನೇ ಕ್ಲಾಸಿನ ಪರೀಕ್ಷೆ ಬೋರ್ಡ್ ಎಕ್ಸಾಮ್ ಆದದ್ದು ಅದನ್ನು ಶಾಲೆ ನಡೆಸದೆ ರಾಜ್ಯದ ಮಂಡಳಿ ನಡೆಸುವುದರಿಂದ. ಕರಿಹಲಗೆಗೂ ಅದಕ್ಕೂ ನೇರ ಸಂಬಂಧ ಇಲ್ಲ. ಮಕ್ಕಳು ಇದನ್ನು ಆಗಾಗ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ.

ಎದ್ದು ಕಾಣುವ ಒಂದು ಗುಂಪು ಉಳಿಯಿತು: ಟ್ರೇನು, ಬಸ್ಸು, ವಿಮಾನ ಹತ್ತುವುದು. ಇಲ್ಲಿ ಹಲಗೆ ಎಲ್ಲಿದೆ? ಮೇಜೂ ಇಲ್ಲ. ಉತ್ತರಕ್ಕೆ ಸಮುದ್ರದ ಕಡೆ ಹೋಗಬೇಕು.

ಮೂರನೇ ಹೆಜ್ಜೆ: ಹೊಂದದ್ದು ಸಿಕ್ಕಿದಾಗ ಇನ್ನೊಂದು ಬೇರು ಇದೆಯೇ ನೋಡಿ

ಒಂದು ಭಾನುವಾರ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಿ ಎಲಿಫೆಂಟಾದ ಲಾಂಚ್ ಹತ್ತಿ. (ಸೋಮವಾರ ಬೇಡ, ಗುಹೆಗಳಿಗೆ ರಜೆ.) ಕಟ್ಟೆಯ ಮೆಟ್ಟಿಲಿಳಿದರೆ ಲಾಂಚುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ನೀರು ಏರಿಳಿದ ಹಾಗೆ ಅವೂ ಏರಿಳಿಯುತ್ತವೆ. ಹುಡುಗನೊಬ್ಬ ಕೈ ಚಾಚುತ್ತಾನೆ. ನೀವು ಕಾಲೆತ್ತಿ ದಾಟುವುದು ಏನನ್ನು? ದೋಣಿಯ ಪಕ್ಕದ ಹಲಗೆಯನ್ನು. ಎಷ್ಟೋ ಸಲ ಒಂದು ಲಾಂಚಿನ ಪಕ್ಕ ದಾಟಿ ಒಳಗೆ ಇಳಿದು, ಅದರ ಆಚೆಯ ಪಕ್ಕ ದಾಟಿ ಇನ್ನೊಂದಕ್ಕೆ ಹೋಗಬೇಕಾಗುತ್ತದೆ.

ದೋಣಿಯ ಆ ಪಕ್ಕಕ್ಕೆ, ಅಂಚಿಗೆ, ಹಳೆಯ ಇಂಗ್ಲಿಷಿನಲ್ಲಿ ಹೆಸರು ಬೋರ್ಡ್. ‘ಹಲಗೆ’ಯ ಬೋರ್ಡ್ ಒಂದು, ‘ಅಂಚು, ಹಡಗಿನ ಪಕ್ಕ’ದ ಬೋರ್ಡ್ ಇನ್ನೊಂದು. ಜರ್ಮನ್ ಕುಟುಂಬದ ಭಾಷೆಗಳಲ್ಲಿ ಇವೆರಡೂ ಬಹಳ ಹಿಂದಿನಿಂದ ಅಕ್ಕಪಕ್ಕ ಇದ್ದವು. ಇಂಗ್ಲಿಷಿನಲ್ಲಿ ಕಾಲಕ್ರಮೇಣ ಬೆರೆತು ಒಂದಾದವು. ಹಡಗಿನ ಪಕ್ಕವೂ ಹಲಗೆಯದೇ ಆದ್ದರಿಂದ ಬೆರೆಯುವುದು ಸುಲಭವಾಯಿತು.

‘ಅಂಚು’ ಎಂಬ ಈ ಬೋರ್ಡಿಗೆ ಇನ್ನೊಂದು ಪಯಣವೂ ಇದೆ. ಫ್ರಾನ್ಸಿನಲ್ಲಿ ನೆಲೆಸಿದ ಫ್ರಾಂಕ್ ಜನ ಜರ್ಮನ್ ಕುಟುಂಬದ ಭಾಷೆ ಆಡುತ್ತಿದ್ದರು. ಅವರಿಂದ ಈ ಪದ ಫ್ರೆಂಚಿಗೆ ಹೋಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ಧಾರಾಳವಾಗಿ ಬಂದವು. ಮದುವೆಯಾಗಿ ಹೋದ ಮಗಳು ಮಕ್ಕಳ ಜೊತೆ ತವರಿಗೆ ಬಂದ ಹಾಗೆ, ಈ ಪದವೂ ಮಕ್ಕಳನ್ನು ಕರೆದುಕೊಂಡು ಬಂತು. ಗಡಿ ಎಂಬ ಅರ್ಥದ ಬಾರ್ಡರ್ ಅಂಥ ಒಂದು ಮಗು. ಫ್ರೆಂಚಿನಲ್ಲಿ ‘ಬೋರ್’ ಎಂದು ಉಚ್ಚರಿಸುವ ಅಂಚಿನ ಪದದಿಂದ ಹುಟ್ಟಿದ್ದು. ಸೀರೆಯ ಬಾರ್ಡರ್ ಎನ್ನುತ್ತೀರಲ್ಲ, ಅದೂ ಇದೇ ಅಂಚು.

ನಾಲ್ಕನೇ ಹೆಜ್ಜೆ: ಕ್ರಿಯಾಪದವನ್ನು ಬೇರೆಯಾಗಿ ನೋಡಿ

ಇಂಗ್ಲಿಷಿನಲ್ಲಿ ನಾಮಪದವನ್ನು ಏನೂ ಸೇರಿಸದೆ ಕ್ರಿಯಾಪದ ಮಾಡಬಹುದು. ಕನ್ನಡದಲ್ಲಿ ನಮಗೆ ‘ಮಾಡು’, ‘ಹಾಕು’, ‘ಹೊಡೆ’ ಅಥವಾ ‘ಇಸು’ ಬೇಕಾಗುತ್ತದೆ. ಹಾಗಾಗಿ ಇಂಗ್ಲಿಷಿನ ಒಂದೇ ಪದ ಹೆಸರೂ ಹೌದು, ಕೆಲಸವೂ ಹೌದು ಎಂಬುದು ನಮ್ಮ ಮಕ್ಕಳಿಗೆ ಗೊಂದಲ ತರುತ್ತದೆ. ಹೀಗೆ ಮಾಡಿ: ನಾಮಪದದ ಒಂದೊಂದು ಅರ್ಥದ ಮುಂದೆ ಬಾಣದ ಗುರುತು ಹಾಕಿ, ಅದರಿಂದ ಯಾವ ಕೆಲಸ ಹುಟ್ಟಿತು ಎಂದು ಬರೆಯಿರಿ.

ಹಲಗೆಯಿಂದ ಹಲಗೆ ಹೊಡೆದು ಮುಚ್ಚುವುದು. ಮುಚ್ಚಿದ ಅಂಗಡಿಯ ಕಿಟಕಿಗೆ ಪ್ಲೈವುಡ್ ಹೊಡೆದಿದ್ದರೆ ಅದು ‘ಬೋರ್ಡೆಡ್ ಅಪ್’.

ಮೇಜಿನಿಂದ ಊಟ ಕೊಡುವುದು, ಅಥವಾ ದುಡ್ಡು ಕೊಟ್ಟು ಒಬ್ಬರ ಮನೆಯಲ್ಲಿ ಊಟಕ್ಕಿರುವುದು.

ಹಡಗಿನ ಪಕ್ಕದಿಂದ ಹತ್ತುವುದು. ಆದರೆ ಇದು ಶುರುವಾದದ್ದು ಶಾಂತವಾಗಿ ಅಲ್ಲ. 15ನೇ ಶತಮಾನದಲ್ಲಿ ಹಡಗನ್ನು ಬೋರ್ಡ್ ಮಾಡುವುದು ಎಂದರೆ ಶತ್ರುವಿನ ಹಡಗಿನ ಪಕ್ಕಕ್ಕೆ ತಾಗಿಸಿ, ದಾಟಿ ಒಳನುಗ್ಗಿ ಹೊಡೆದಾಡುವುದು. ಪ್ರಯಾಣಿಕರಾಗಿ ಹತ್ತುವ ಅರ್ಥ 16ನೇ ಶತಮಾನದ ಕೊನೆಗೆ ಕಾಣಿಸುತ್ತದೆ. ಟ್ರೇನು ಬಂದಾಗ ಟ್ರೇನಿಗೆ, ವಿಮಾನ ಬಂದಾಗ ವಿಮಾನಕ್ಕೆ ಅದೇ ಪದ ಸಾಗಿ ಬಂತು. ಬೆಳಿಗ್ಗೆ ಒಂಬತ್ತು ಗಂಟೆಗೆ ದಾದರಿನಲ್ಲಿ ಲೋಕಲ್ ಹತ್ತುವವರಿಗೆ ಪದದ ಮೊದಲ ಅರ್ಥವನ್ನು ವಿವರಿಸಬೇಕಾಗಿಯೇ ಇಲ್ಲ.

ಹೊಸಬರ ಆನ್‌ಬೋರ್ಡಿಂಗ್ ಕೂಡ ಹಡಗಿನಿಂದಲೇ ಬಂದದ್ದು. ‘ಆನ್ ಬೋರ್ಡ್’ ಅಂದರೆ ಹಡಗಿನ ಮೇಲೆ. ಅವರನ್ನು ನಮ್ಮ ಹಡಗಿಗೆ ಹತ್ತಿಸಿಕೊಂಡೆವು ಎಂದು ಅರ್ಥ.

ಐದನೇ ಹೆಜ್ಜೆ: ಈಗ ಡಿಕ್ಷನರಿ ತೆರೆಯಿರಿ

ಎಲ್ಲ ಡಿಕ್ಷನರಿಗಳೂ ಅರ್ಥಗಳನ್ನು ಒಂದೇ ಕ್ರಮದಲ್ಲಿ ಕೊಡುವುದಿಲ್ಲ. ಕಲಿಯುವವರಿಗೆಂದು ಮಾಡಿದ ಡಿಕ್ಷನರಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಬಳಕೆಯ ಅರ್ಥ ಮೊದಲು ಬರುತ್ತದೆ. ಮೆರಿಯಮ್-ವೆಬ್‌ಸ್ಟರ್‌ನಲ್ಲಿ ಹಳೆಯ ಅರ್ಥ ಮೊದಲು, ಹೊಸದು ಆಮೇಲೆ. ದೊಡ್ಡ ಆಕ್ಸ್‌ಫರ್ಡ್ ಡಿಕ್ಷನರಿಯೂ ಚರಿತ್ರೆಯ ಕ್ರಮದ್ದೇ. 1884ರಲ್ಲಿ ಕಂತುಗಳಲ್ಲಿ ಬರಲು ಶುರುವಾಗಿ 1928ರಲ್ಲಿ ಮುಗಿದ ಆ ಕೆಲಸದ ಬಲ ಇರುವುದು ಅದು ಕೊಡುವ ವಾಕ್ಯಗಳಲ್ಲಿ. ಪ್ರತಿ ಅರ್ಥಕ್ಕೂ ಯಾವ ಇಸವಿಯಲ್ಲಿ ಯಾರು ಹೇಗೆ ಬರೆದರು ಎಂದು ತೋರಿಸುತ್ತದೆ. ಅದರ ಚಂದಾ ದುಬಾರಿ. ಮನೆಯಲ್ಲಿ ಕೂತು ಪುಕ್ಕಟೆ ನೋಡಲು ಮೆರಿಯಮ್-ವೆಬ್‌ಸ್ಟರ್ ಮತ್ತು ಎಟಿಮಾನ್‌ಲೈನ್ ಜಾಲತಾಣಗಳು ಸಾಕು.

ಪದದ ಮೂಲವನ್ನು ಹೆಚ್ಚಾಗಿ ಚೌಕ ಆವರಣದ ಒಳಗೆ ಕೊಟ್ಟಿರುತ್ತಾರೆ. ಅಲ್ಲಿನ ಗುರುತುಗಳು ಸ್ವಲ್ಪವೇ. ‘ಓ.ಇ.’ ಎಂದರೆ ಹಳೆಯ ಇಂಗ್ಲಿಷ್, ಸುಮಾರು 1100ರವರೆಗಿನದು. ‘ಎಂ.ಇ.’ ಎಂದರೆ ನಡುಗಾಲದ ಇಂಗ್ಲಿಷ್, ಸುಮಾರು 1500ರವರೆಗಿನದು. ‘ಓ.ಎಫ್.’ ಹಳೆಯ ಫ್ರೆಂಚ್. ಪದದ ಮುಂದೆ ನಕ್ಷತ್ರ ಇದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಹೋಲಿಸಿ ಊಹಿಸಿ ಕಟ್ಟಿದ್ದು ಎಂದು ತಿಳಿಯಿರಿ. ನಕ್ಷತ್ರ ಇರುವುದನ್ನು ಕಂಡದ್ದರಷ್ಟೇ ಗಟ್ಟಿ ಎಂದು ಯಾರಿಗೂ ಹೇಳಬೇಡಿ.

ಒಂದೇ ಪದ ಒಂದು, ಎರಡು ಎಂದು ಅಂಕಿ ಹಾಕಿಕೊಂಡು ಬೇರೆ ಬೇರೆ ಕಡೆ ಬಂದಿದ್ದರೆ ಅಲ್ಲಿ ನಿಲ್ಲಿ. ಅದು ನಾಮಪದ, ಕ್ರಿಯಾಪದ ಎಂದು ಮಾಡಿದ ಭಾಗವಿರಬಹುದು, ಇಲ್ಲವೇ ಬೇರೆ ಬೇರೆ ಮೂಲದ ಪದಗಳು ಒಂದೇ ರೂಪಕ್ಕೆ ಬಂದಿರಬಹುದು.

ಆರನೇ ಹೆಜ್ಜೆ: ಕನ್ನಡದಲ್ಲಿ ಜೊತೆ ಹುಡುಕಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಇಂಗ್ಲಿಷ್ ಕಲಿಯುವಾಗ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಬೇಕು ಎಂದು ಈ ಊರಿನ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಅದರಿಂದ ಎರಡು ಭಾಷೆಗೂ ನಷ್ಟ.

ನಮ್ಮ ಹಲಗೆಯನ್ನೇ ನೋಡಿ. ಸಂಸ್ಕೃತದ ಫಲಕ ನಮ್ಮಲ್ಲಿ ಹಲಗೆ ಆಯಿತು ಎಂದು ಶಾಲೆಯ ವ್ಯಾಕರಣದ ತತ್ಸಮ ತದ್ಭವ ಪಟ್ಟಿಯಲ್ಲೇ ಓದಿದ್ದೇವೆ. ಮರಾಠಿಯಲ್ಲಿ ಅದೇ ಪದ ‘ಫಳಾ’ ಆಗಿ ಶಾಲೆಯ ಗೋಡೆ ಮೇಲಿದೆ, ‘ಫಳಿ’ ಆಗಿ ಅಡುಗೆಮನೆಯಲ್ಲಿ ಡಬ್ಬಿ ಇಡುವ ಹಲಗೆಯಾಗಿದೆ. ಅಂಗಡಿಯ ಬೋರ್ಡಿಗೆ ನಾವು ನಾಮಫಲಕ ಎನ್ನುತ್ತೇವೆ. ಅಲ್ಲೂ ಅದೇ ಫಲಕ. ಹಳೆಯ ಕಾಲದಲ್ಲಿ ಫಲಕಕ್ಕೂ ಹಲಗೆಗೂ ಗುರಾಣಿ ಎಂಬ ಅರ್ಥವಿತ್ತು. ಹಳೆಯ ಇಂಗ್ಲಿಷಿನ ಬೋರ್ಡಿಗೂ ಗುರಾಣಿ ಎಂಬ ಅರ್ಥವಿತ್ತು! ಇವೆರಡು ಪದ ಒಂದೇ ಬೇರಿನವು ಎಂದು ಇದರಿಂದ ತೀರ್ಮಾನಿಸಬಾರದು. ಎರಡು ನಾಡಿನಲ್ಲೂ ಗುರಾಣಿಯನ್ನು ಮರದ ಹಲಗೆಯಿಂದ ಮಾಡುತ್ತಿದ್ದರು, ಹಾಗಾಗಿ ಎರಡು ಪದಗಳೂ ಒಂದೇ ದಾರಿ ಹಿಡಿದವು.

ಮೇಜಿನಿಂದ ಊಟಕ್ಕೆ ಹೋದ ಅರ್ಥ ವಿಚಿತ್ರ ಅನಿಸಿದರೆ ನಮ್ಮ ಎಲೆಯನ್ನು ನೆನೆಸಿಕೊಳ್ಳಿ. ‘ಎಲೆ ಹಾಕಿ’ ಎಂದರೆ ಊಟಕ್ಕೆ ಬಡಿಸಿ. ‘ನೂರು ಎಲೆ ಆಯ್ತು’ ಎಂದರೆ ನೂರು ಜನ ಉಂಡರು. ಎಲೆ ಊಟವೂ ಆಯಿತು, ಉಣ್ಣುವವರ ಲೆಕ್ಕವೂ ಆಯಿತು. ಮೇಜು ಮಂಡಳಿ ಆದದ್ದಕ್ಕೂ ನಮ್ಮಲ್ಲಿ ಜೊತೆ ಇದೆ: ಕುರ್ಚಿ ಅಧಿಕಾರವಾಗಿದೆ, ಗದ್ದುಗೆ ರಾಜ್ಯಭಾರವಾಗಿದೆ. ಹೀಗೆ ಹೇಳಿಕೊಟ್ಟರೆ ಮಕ್ಕಳ ಮುಖ ತಟ್ಟನೆ ಅರಳುತ್ತದೆ. ತಮ್ಮ ಮನೆಮಾತು ಮಾಡುವ ಕೆಲಸವನ್ನೇ ಇಂಗ್ಲಿಷೂ ಮಾಡುತ್ತದೆ ಎಂದು ಅವರಿಗೆ ಗೊತ್ತಾಗುತ್ತದೆ.

ನುಡಿಗಟ್ಟುಗಳನ್ನೂ ಹೀಗೆಯೇ ಜೊತೆ ಮಾಡಿ. ‘ಗೋ ಬೈ ದ ಬೋರ್ಡ್’ ಎಂದರೆ ಕೈಬಿಟ್ಟು ಹೋಗುವುದು. ಇಲ್ಲಿ ಬೋರ್ಡ್ ಹಡಗಿನ ಪಕ್ಕ. ಬಿರುಗಾಳಿಗೆ ಮುರಿದ ಕಂಬ ಹಡಗಿನ ಪಕ್ಕದಿಂದ ಸಮುದ್ರಕ್ಕೆ ಬಿದ್ದರೆ ಹೋಯಿತು. ಕನ್ನಡದಲ್ಲಿ ನೀರುಪಾಲು ಎನ್ನುತ್ತೇವೆ, ಅಷ್ಟೇ ಚೆನ್ನಾಗಿ. ‘ಅಬವ್ ಬೋರ್ಡ್’ ಎಂದರೆ ಮುಚ್ಚುಮರೆ ಇಲ್ಲದ್ದು. ಇಲ್ಲಿ ಬೋರ್ಡ್ ಇಸ್ಪೀಟಿನ ಮೇಜು. ಕೈಗಳನ್ನು ಮೇಜಿನ ಮೇಲೆ ಇಟ್ಟವನು ಎಲೆ ಬದಲಿಸಲಾರ. ‘ಸ್ವೀಪ್ ದ ಬೋರ್ಡ್’ ಕೂಡ ಜೂಜಿನ ಮೇಜಿನದೇ, ಮೇಜಿನ ಮೇಲಿನ ದುಡ್ಡೆಲ್ಲ ಬಾಚಿಕೊಳ್ಳುವುದು.

ಏಳನೇ ಹೆಜ್ಜೆ: ಚೆಂದದ ಕಥೆ ಕೇಳಿದರೆ ಪುರಾವೆ ಕೇಳಿ

ಪದಗಳ ಬಗ್ಗೆ ಸುಳ್ಳು ಕಥೆಗಳು ಬಹಳ. ಅದರಲ್ಲಿ ಒಂದು ನಮ್ಮ ಬೊಂಬಾಯಿಯದೇ.

ಮೊದಲು ಸ್ಟಾರ್‌ಬೋರ್ಡ್ ಏನೆಂದು ತಿಳಿಯಬೇಕು. ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತಾಗ ಬಲಪಕ್ಕ ಅದು. ನಕ್ಷತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸ್ಟೇಓರ್‌ಬೋರ್ಡ್’, ಚುಕ್ಕಾಣಿಯ ಪಕ್ಕ. ಆಗಿನ ಹಡಗುಗಳಲ್ಲಿ ಚುಕ್ಕಾಣಿ ಹಿಂಬದಿಯ ನಡುವೆ ಇರಲಿಲ್ಲ, ಬಲಪಕ್ಕದಲ್ಲಿ ಒಂದು ದೊಡ್ಡ ಹುಟ್ಟು ಇರುತ್ತಿತ್ತು. ಅದು ಕಟ್ಟೆಗೆ ತಾಗಬಾರದೆಂದು ಎಡಪಕ್ಕವನ್ನು ಬಂದರಿನ ಕಡೆಗೆ ನಿಲ್ಲಿಸುತ್ತಿದ್ದರು. ಎಡಪಕ್ಕಕ್ಕೆ ಲಾರ್‌ಬೋರ್ಡ್ ಎಂಬ ಹೆಸರಿತ್ತು. ಗಾಳಿ ಮಳೆಯಲ್ಲಿ ಕೂಗಿ ಹೇಳುವಾಗ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡೂ ಒಂದೇ ಥರ ಕೇಳಿಸಿದರೆ ಅನಾಹುತ ಅಲ್ವಾ? ಬ್ರಿಟಿಷ್ ನೌಕಾಪಡೆ 1844ರಲ್ಲಿ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಎಂದೇ ಹೇಳಬೇಕೆಂದು ಆದೇಶ ಮಾಡಿತು.

ಈಗ ಕಥೆ. ಇಂಗ್ಲೆಂಡಿನಿಂದ ಬೊಂಬಾಯಿಗೆ ಬರುವ ಹಡಗುಗಳಲ್ಲಿ ಶ್ರೀಮಂತರು ಬರುವಾಗ ಪೋರ್ಟ್ ಪಕ್ಕದ, ವಾಪಸ್ ಹೋಗುವಾಗ ಸ್ಟಾರ್‌ಬೋರ್ಡ್ ಪಕ್ಕದ ಕೋಣೆ ಹಿಡಿಯುತ್ತಿದ್ದರಂತೆ. ಎರಡೂ ಸಲ ಬಿಸಿಲಿಲ್ಲದ ಉತ್ತರದ ಪಕ್ಕ. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ನಾಲ್ಕು ಮೊದಲಕ್ಷರಗಳನ್ನು ಟಿಕೆಟ್ ಮೇಲೆ ಒತ್ತುತ್ತಿದ್ದರಂತೆ. ಅದರಿಂದ ‘ಪಾಶ್’ ಎಂಬ ಪದ ಬಂತಂತೆ. ಮಲಬಾರ್ ಹಿಲ್ ಪಾಶ್ ಏರಿಯಾ ಎನ್ನುತ್ತೇವಲ್ಲ, ಅದೇ ಪಾಶ್.

ಕೇಳಲು ಎಷ್ಟು ಚೆನ್ನಾಗಿದೆ! ದಿಕ್ಕಿನ ಲೆಕ್ಕವೂ ಸರಿಯಾಗಿದೆ. ಆದರೆ ಅಂಥ ಅಕ್ಷರ ಒತ್ತಿದ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಹಡಗು ಕಂಪನಿಯ ದಾಖಲೆಯಲ್ಲೂ ಆ ಪದ್ಧತಿಯ ಗುರುತಿಲ್ಲ. ಪದ ಬಳಕೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಈ ಕಥೆ ಕಾಣಿಸಿಕೊಂಡಿತು. ಡಿಕ್ಷನರಿ ಮಾಡುವವರು ಇದನ್ನು ಒಪ್ಪುವುದಿಲ್ಲ. ಒಂದು ಕಿವಿಮಾತು: ‘ಮೊದಲಕ್ಷರ ಸೇರಿಸಿ ಆದ ಪದ’ ಎಂಬ ವಿವರಣೆ ಹಳೆಯ ಪದಗಳಿಗೆ ಕೇಳಿಬಂದರೆ ತಕ್ಷಣ ಅನುಮಾನಿಸಿ. ಅಂಥ ಪದಗಳು ಜಾಸ್ತಿಯಾದದ್ದು 20ನೇ ಶತಮಾನದಲ್ಲಿ.

ಸದ್ದು ಒಂದೇ ಥರ ಇದೆ ಎಂದು ನೆಂಟಸ್ತಿಕೆ ಕಟ್ಟುವುದೂ ತಪ್ಪು. ನಮ್ಮ ಕಪಾಟು ಇಂಗ್ಲಿಷಿನ ಕಬರ್ಡ್‌ನಿಂದ ಬಂತು ಎಂದು ತುಂಬ ಜನ ಹೇಳುತ್ತಾರೆ. ಅಲ್ಲ. ಸಂಸ್ಕೃತದಲ್ಲಿ ಕಪಾಟ ಎಂದರೆ ಬಾಗಿಲು, ಕದ. ಮರಾಠಿಯಲ್ಲೂ ಕನ್ನಡದಲ್ಲೂ ಅದು ಕದವಿರುವ ಬೀರುವಿನ ಹೆಸರಾಯಿತು. ಇಂಗ್ಲಿಷಿನ ಕಬರ್ಡ್ ಹುಟ್ಟಿದಾಗ ಅದಕ್ಕೆ ಕದವೇ ಇರಲಿಲ್ಲ. ಕಪ್ಪುಗಳನ್ನು ಜೋಡಿಸಿಡುವ ಮೇಜು ಅದು. ಕಪ್ ಮತ್ತು ಬೋರ್ಡ್. ಮುಚ್ಚಿದ ಬೀರುವಿಗೆ ಆ ಹೆಸರು ಬಂದದ್ದು 16ನೇ ಶತಮಾನದಲ್ಲಿ. ‘ಬೋರ್ ಆಯ್ತು’ ಎಂಬಲ್ಲಿನ ಬೋರಿಗೂ ನಮ್ಮ ಹಲಗೆಗೂ ಸಂಬಂಧವಿಲ್ಲ.

ಎಂಟನೇ ಹೆಜ್ಜೆ: ಬಾಯಿಗೆ ಬರುವ ಹಾಗೆ ಬಳಸಿ

ಬೇರು ತಿಳಿದ ಮೇಲೆ ವಾಕ್ಯ ಮಾಡಿ, ಜೋರಾಗಿ ಓದಿ. ಕೆಲವು ಸಂಗತಿ ಗಮನಿಸಿ. ಬೋರ್ಡ್ ಮಾಡುವುದು ಹಡಗು, ಟ್ರೇನು, ವಿಮಾನ, ಬಸ್ಸುಗಳನ್ನು. ರಿಕ್ಷಾ, ಕಾರಿಗೆ ಈ ಪದ ಹೊಂದುವುದಿಲ್ಲ, ಅಲ್ಲಿ ‘ಗೆಟ್ ಇನ್’ ಸಾಕು. ‘ಐ ಬೋರ್ಡೆಡ್ ದ ಟ್ರೇನ್’ ಎನ್ನಿ. ನಡುವೆ ‘ಇಂಟು’ ಅಥವಾ ‘ಆನ್’ ಬೇಡ. ನಾವು ‘ಟ್ರೇನಿಗೆ ಹತ್ತಿದೆ’ ಎನ್ನುವುದರಿಂದ ಇಂಗ್ಲಿಷಿನಲ್ಲೂ ಏನಾದರೂ ಸೇರಿಸಬೇಕು ಅನಿಸುತ್ತದೆ. ಟ್ರೇನಿನ ಒಳಗಿದ್ದೇನೆ ಎನ್ನಲು ‘ಆನ್ ಬೋರ್ಡ್’. ಇಳಿಯುವುದಕ್ಕೆ ಇಲ್ಲಿ ‘ಡಿಬೋರ್ಡ್’ ಎಂದು ಕೇಳಿಸುತ್ತದೆ. ಮಾತಿನಲ್ಲಿ ‘ಗೆಟ್ ಆಫ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಉಚ್ಚಾರಣೆಯಲ್ಲಿ ಕಬರ್ಡ್‌ನ ‘ಪ’ ಕೇಳಿಸುವುದಿಲ್ಲ, ‘ಬೋರ್ಡ್’ ಕೂಡ ಸವೆದು ‘ಬರ್ಡ್’ ಆಗುತ್ತದೆ. ಬರೆಯುವಾಗ ಮಾತ್ರ ಕಪ್ಪೂ ಇರಬೇಕು, ಬೋರ್ಡೂ ಇರಬೇಕು. ಊಟಕ್ಕಿರುವ ಬೋರ್ಡರ್ ಮತ್ತು ಗಡಿಯ ಬಾರ್ಡರ್ ಎರಡನ್ನೂ ಎಷ್ಟೋ ಜನ ಕನ್ನಡದಲ್ಲಿ ಒಂದೇ ಥರ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಊಟದವನಿಗೆ ‘ಓ’ ಆದ ಮೇಲೆ ‘ಎ’ ಇದೆ, ಗಡಿಗೆ ಆ ‘ಎ’ ಇಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಪದಕ್ಕೆ ಒಂದು ಪುಟ ಕೊಡಿ. ನಡುವೆ ಮೊದಲ ವಸ್ತುವಿನ ಚಿತ್ರ. ಬೋರ್ಡಿಗೆ ಹಲಗೆ, ಪಕ್ಕದಲ್ಲಿ ಒಂದು ದೋಣಿ. ಅಲ್ಲಿಂದ ಹೊರಟ ಗೆರೆಗಳ ತುದಿಯಲ್ಲಿ ಒಂದೊಂದು ಅರ್ಥ, ನೀವು ಕಂಡ ಜಾಗದ ಹೆಸರು, ಕನ್ನಡದ ಜೊತೆ. ಶತಮಾನ ಗೊತ್ತಿದ್ದರೆ ಅದನ್ನೂ ಬರೆಯಿರಿ. ಡ್ರಾಯಿಂಗ್ ಬರದಿದ್ದರೂ ಪರವಾಗಿಲ್ಲ, ಹಲಗೆ ಬರೆಯಲು ನಾಲ್ಕು ಗೆರೆ ಸಾಕು.

ಇದಾದ ಮೇಲೆ ಬ್ಯಾಂಕ್ ತೆಗೆದುಕೊಳ್ಳಿ. ದುಡ್ಡಿನ ಬ್ಯಾಂಕ್ ಒಂದು, ನದಿಯ ದಂಡೆಯ ಬ್ಯಾಂಕ್ ಇನ್ನೊಂದು. ಜೊತೆಗೆ ‘ನಂಬಿ ಕೂರು’ ಎಂಬ ಅರ್ಥದ ಕ್ರಿಯಾಪದ. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಬೆಂಚು ಎಲ್ಲಿದೆ?’ ಎಂಬುದು. ಇಟಲಿಯಲ್ಲಿ ನಾಣ್ಯ ಬದಲಿಸುವವರು ಬೆಂಚು ಹಾಕಿಕೊಂಡು ಕೂರುತ್ತಿದ್ದರು, ಇಟಾಲಿಯನ್ನಿನಲ್ಲಿ ಆ ಬೆಂಚಿಗೆ ‘ಬಾಂಕಾ’. ಫೋರ್ಟಿನ ಕಡೆ ಹೋದಾಗ ಹಳೆಯ ಬ್ಯಾಂಕುಗಳ ಕೌಂಟರುಗಳನ್ನು ಒಮ್ಮೆ ನಿಂತು ನೋಡಿ, ಬರೆದುಕೊಳ್ಳಲು ಶುರು ಮಾಡಿ.